ಅಂಗೈ ಕಂಪ್ಯೂಟರಿಗೆ ಯಾವ ವೈರ್‌ಲೆಸ್ ಕಾರ್ಡ್ ಒಳ್ಳೇದು?

ವೈರ್‌ಲೆಸ್ ಕಾರ್ಡ್ ಕೊಳ್ಳೋಕೆ ಅಂಗಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳೋದು ಡಬ್ಬಿ ಮೇಲಿನ ದಪ್ಪ ಅಂಕಿ. 150, 300, 600, 1200. ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅನ್ನೋ ಲೆಕ್ಕ ಅದು. ಅಂಕಿ ದೊಡ್ಡದಾದಷ್ಟೂ ಬೆಲೆ ಜಾಸ್ತಿ. ಬೆಲೆ ಜಾಸ್ತಿ ಇದ್ದರೆ ಮಾಲೂ ಒಳ್ಳೇದಿರುತ್ತೆ ಅಂತ ನಂಬೋರೇ ಹೆಚ್ಚು. ಮನೇಲಿ ಕೂತು ಸಿನಿಮಾ ನೋಡುವ ಲ್ಯಾಪ್‌ಟಾಪಿಗೆ ಈ ಲೆಕ್ಕ ತಕ್ಕಮಟ್ಟಿಗೆ ಸರಿಯೇ. ಆದರೆ ಅಂಗೈಯಲ್ಲಿ ಹಿಡಿಯುವ, ಬ್ಯಾಟರಿ ಮೇಲೆ ಓಡುವ, ತೋಟದಲ್ಲೋ ಹುಳುಮನೆಯಲ್ಲೋ ಕೆಲಸ ಮಾಡಬೇಕಾದ ಪುಟ್ಟ ಕಂಪ್ಯೂಟರಿಗೆ ಆ ದಪ್ಪ ಅಂಕಿಯಿಂದ ಹೆಚ್ಚೇನೂ ಉಪಯೋಗವಿಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋನು. ಅಕ್ಕನನ್ನು ಕೊಟ್ಟಿರೋದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಗೆ. ಅಕ್ಕ ಭಾವ ಇಬ್ಬರದೂ ರೇಷ್ಮೆ ಬೇಸಾಯ. ಬೆಳೆಗೆ 200 ಮೊಟ್ಟೆ ಇಡ್ತಾರೆ. ಈ ಕಸುಬು ಗೊತ್ತಿಲ್ಲದವರು 200 ಹುಳ ಅಂದುಕೊಳ್ಳಬೇಡಿ. ನಮ್ಮ ಕಡೆ ಒಂದು ಮೊಟ್ಟೆ ಅಂದ್ರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ, ಅಂದರೆ ಸುಮಾರು ನಾನೂರರಿಂದ ಐನೂರು. 200 ಮೊಟ್ಟೆ ಅಂದ್ರೆ ಎಂಬತ್ತು ಸಾವಿರದಿಂದ ಒಂದು ಲಕ್ಷ ಹುಳ ಒಂದೇ ಮನೆಯಲ್ಲಿ ಸೊಪ್ಪು ತಿನ್ನುತ್ತಿರುತ್ತವೆ.

ಕಳೆದ ಸಂಕ್ರಾಂತಿಗೆ ಹೋದಾಗ ಅಕ್ಕ ಕೇಳಿದಳು: "ಲೋ, ನಿನ್ನ ಕಾಲೇಜಿನ ಆ ಪುಟಾಣಿ ಕಂಪ್ಯೂಟರ್ ಇನ್ನೂ ಐತೇನೋ? ಹುಳುಮನೆ ಶಾಖ ನೋಡಿ ನನ್ನ ಫೋನಿಗೆ ಹೇಳೋ ಹಂಗೆ ಮಾಡಕ್ಕಾಗುತ್ತಾ? ರಾತ್ರಿ ಮೂರು ಮೂರು ಸಲ ಎದ್ದು ಹೋಗಿ ನೋಡಿ ಬರೋದು ಸಾಕಾಗೋಗೈತೆ."

ಆ ಪುಟಾಣಿ ಕಂಪ್ಯೂಟರ್ ಇತ್ತು. ಇಂಜಿನಿಯರಿಂಗ್ ಕೊನೇ ವರ್ಷದ ಪ್ರಾಜೆಕ್ಟಿಗೆ ಅಂತ 2015ರಲ್ಲಿ ಬಂದ ಮೊದಲ ರಾಸ್ಪ್‌ಬೆರಿ ಪೈ ಝೀರೋ ಬೋರ್ಡಿಗೆ ಸಣ್ಣ ಪರದೆ, ಬ್ಯಾಟರಿ, ನಾಲ್ಕು ಗುಂಡಿ ಸೇರಿಸಿ ಮಾಡಿದ್ದು. ಓಡೋದು ಲಿನಕ್ಸ್ ಮೇಲೆ. ಆ ಮೊದಲ ಝೀರೋದಲ್ಲಿ ವೈರ್‌ಲೆಸ್ ಇರಲಿಲ್ಲ, ಅದು ಬಂದದ್ದು 2017ರ ಝೀರೋ ಡಬ್ಲ್ಯುನಲ್ಲಿ. ಹಾಗಾಗಿ ಶಾಖ ಮತ್ತು ತೇವ ಅಳೆಯುವ ಸೆನ್ಸರ್ ಜೋಡಿಸೋದು ಒಂದು ಸಂಜೆಯ ಕೆಲಸವಾಯ್ತು. ಉಳಿದದ್ದು ವೈರ್‌ಲೆಸ್ ಕಾರ್ಡಿನ ಆಯ್ಕೆ. ನಿಮ್ಮ ಹತ್ತಿರ ಬೇರೆ ಅಂಗೈ ಕಂಪ್ಯೂಟರ್ ಇದ್ದರೂ ಆಯ್ಕೆಯ ದಾರಿ ಇದೇ.

ಒಂದೆರಡು ಡಿಗ್ರಿಯ ಬೆಲೆ

ಶಾಖ ನೋಡೋಕೆ ರಾತ್ರಿ ಯಾಕೆ ಏಳಬೇಕು ಅಂತ ಕೇಳೋರಿಗೆ ಒಂದು ಮಾತು. ಚಾಕಿ ಹುಳಕ್ಕೆ, ಅಂದರೆ ಮರಿ ಹುಳಕ್ಕೆ, 27ರಿಂದ 28 ಡಿಗ್ರಿ ಶಾಖ, ನೂರಕ್ಕೆ 85ರಿಂದ 90ರಷ್ಟು ತೇವ ಬೇಕು. ಪ್ರತಿ ಜ್ವರ ಕಳೆದಂತೆ ಎರಡೂ ಇಳಿಯುತ್ತಾ ಬರಬೇಕು. ನಾಲ್ಕನೇ ಜ್ವರ ಎದ್ದ ಮೇಲಿನ ದೊಡ್ಡ ಹುಳಕ್ಕೆ 24 ಡಿಗ್ರಿ ಆಸುಪಾಸು ಶಾಖ, 65ರಿಂದ 70ರಷ್ಟು ತೇವ ಸಾಕು. ತಣ್ಣಗಾಗಿ ತೇವ ಏರಿದರೆ ಸುಣ್ಣಕಟ್ಟು ರೋಗದ ಭಯ. ಶಾಖ ಏರಿಳಿದರೆ ಸಪ್ಪೆ ರೋಗದ ಭಯ. ಒಂದು ಬೆಳೆಯಲ್ಲಿ ಹುಳ ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಭಾಗವನ್ನು ತಿನ್ನೋದು ಆ ಕೊನೆಯ ಹಂತದಲ್ಲೇ. ಆಗ ರೋಗ ಬಿದ್ದರೆ ಸೊಪ್ಪು, ಕೂಲಿ, ಔಷಧಿ ಎಲ್ಲಾ ಖರ್ಚು ಆಗಿಹೋಗಿರುತ್ತೆ, ಗೂಡು ಮಾತ್ರ ಬರೋದಿಲ್ಲ. ಚಳಿಗಾಲದ ಬೆಳಗಿನ ಜಾವ ಅಕ್ಕ ಟಾರ್ಚ್ ಹಿಡಿದು ಹೋಗಿ ಹೀಟರ್ ಹಾಕಿ ಬರೋದು ಇದಕ್ಕೇ.

ಇಷ್ಟು ಮಾಹಿತಿ ಕಳಿಸೋಕೆ ಎಷ್ಟು ವೇಗ ಬೇಕು? ಒಂದು ಸಲದ ಶಾಖ, ತೇವ, ಸಮಯ ಬರೆದರೆ ನೂರು ಬೈಟ್ ಆಗುತ್ತೆ. ಹತ್ತು ನಿಮಿಷಕ್ಕೊಮ್ಮೆ ಅಂದ್ರೆ ದಿನಕ್ಕೆ 144 ಸಲ, ಒಟ್ಟು 14,400 ಬೈಟ್. ವಾಟ್ಸಾಪಿನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರಕ್ಕಿಂತ ಕಡಿಮೆ. ಸೆಕೆಂಡಿಗೆ ಬರೀ 1 ಮೆಗಾಬಿಟ್ ಹೋಗುವ ಹಳೇ ಕಾರ್ಡ್ ಕೂಡ ಇಡೀ ದಿನದ ಲೆಕ್ಕವನ್ನು ಸೆಕೆಂಡಿನ ಎಂಟನೇ ಒಂದು ಭಾಗದಲ್ಲಿ ಕಳಿಸಿಬಿಡುತ್ತೆ. 1200 ಮೆಗಾಬಿಟ್ ಇಟ್ಟುಕೊಂಡು ಏನು ಮಾಡೋದು?

ಅಂಗೈ ಕಂಪ್ಯೂಟರ್ ನಮಗೆ ಹೊಸದಲ್ಲ

ರೈತರ ಕೈಗೆ ಪುಟ್ಟ ಕಂಪ್ಯೂಟರ್ ಕೊಡುವ ಕನಸು ನಮ್ಮ ಪಕ್ಕದಲ್ಲೇ ಹುಟ್ಟಿದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು, ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರ ಜೊತೆ ಸೇರಿ ರೂಪಿಸಿದ 'ಸಿಂಪ್ಯೂಟರ್' ನೆನಪಿದೆಯಾ? ಸರಳ, ಅಗ್ಗ, ಹಲವು ಭಾಷೆ ಬಲ್ಲ ಜನರ ಕಂಪ್ಯೂಟರ್ ಅನ್ನೋದೇ ಆ ಹೆಸರಿನ ಅರ್ಥ. ಅದೂ ಲಿನಕ್ಸ್ ಮೇಲೇ ಓಡ್ತಿತ್ತು. ಒಂದೇ ಯಂತ್ರವನ್ನು ಊರಿನವರೆಲ್ಲ ಹಂಚಿಕೊಳ್ಳಲಿ, ಪ್ರತಿಯೊಬ್ಬರ ಲೆಕ್ಕ ಅವರವರ ಸ್ಮಾರ್ಟ್ ಕಾರ್ಡಿನಲ್ಲಿರಲಿ ಅನ್ನೋದು ಅದರ ಉಪಾಯ. 2004ರಲ್ಲಿ ಬಿಇಎಲ್ ಜೊತೆಗೂಡಿ 'ಅಮಿಡಾ' ಹೆಸರಿನಲ್ಲಿ ಸುಮಾರು ಹತ್ತು ಸಾವಿರ ರೂಪಾಯಿಯಿಂದ ಮಾರಾಟಕ್ಕೂ ಬಂತು. ಅಷ್ಟು ಹೊತ್ತಿಗೆ ಮೊಬೈಲ್ ಫೋನ್ ಅಗ್ಗವಾಗತೊಡಗಿ, ಸಿಂಪ್ಯೂಟರ್ ಅಂದುಕೊಂಡಷ್ಟು ಮನೆಗಳನ್ನು ಮುಟ್ಟಲಿಲ್ಲ. ಆದರೂ ಅದನ್ನು ಮಾಡಿದವರು ಕೇಳಿಕೊಂಡ ಪ್ರಶ್ನೆ ಇವತ್ತಿಗೂ ಸರಿಯಾದದ್ದು: ಈ ಯಂತ್ರ ಯಾರ ಕೈಯಲ್ಲಿ, ಎಲ್ಲಿ ಇರುತ್ತೆ? ಕಾರ್ಡ್ ಆರಿಸುವಾಗಲೂ ಮೊದಲು ಕೇಳಬೇಕಾದ್ದು ಅದನ್ನೇ.

ಗೌರಿಬಿದನೂರಿನ ಆಂಟೆನಾಗಳ ಪಾಠ

ಎಲ್ಲಿ ಇರುತ್ತೆ ಅನ್ನೋದು ಯಾಕೆ ಮುಖ್ಯ ಅಂತ ತಿಳಿಯೋಕೆ ಅಲೆಯ ಉದ್ದ ಗೊತ್ತಿರಬೇಕು. ಅದಕ್ಕೆ ನಮ್ಮ ಜಿಲ್ಲೆಯಲ್ಲೇ ಒಳ್ಳೇ ಉದಾಹರಣೆ ಇದೆ. ಗೌರಿಬಿದನೂರಿನ ಹತ್ತಿರ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1976ರಲ್ಲಿ ಕಟ್ಟಿದ ರೇಡಿಯೋ ದೂರದರ್ಶಕ ಇದೆ. ದೂರದರ್ಶಕ ಅಂದ್ರೆ ಗಾಜಿನ ಕೊಳವೆಯಲ್ಲ. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಬಯಲಿನಲ್ಲಿ ಸಾಲಾಗಿ ನಿಂತ ಸಾವಿರ ಆಂಟೆನಾ. ಪೂರ್ವ ಪಶ್ಚಿಮದ ಸಾಲೇ ಸುಮಾರು 1.4 ಕಿಲೋಮೀಟರ್. ಆಕಾಶದಿಂದ ಬರುವ 34.5 ಮೆಗಾಹರ್ಟ್ಸ್ ರೇಡಿಯೋ ಅಲೆಗಳನ್ನು ಹಿಡಿಯೋಕೆ ಅಂತ ಮಾಡಿದ್ದು. ಆ ಅಲೆಯ ಉದ್ದ 8.7 ಮೀಟರ್. ಅದಕ್ಕೇ ಅಲ್ಲಿನ ಆಂಟೆನಾ ಮೀಟರ್‌ಗಟ್ಟಲೆ ಉದ್ದ.

ವೈಫೈ ಕೂಡ ರೇಡಿಯೋ ಅಲೆಯೇ. 2.4 ಗಿಗಾಹರ್ಟ್ಸ್ ವೈಫೈನ ಅಲೆ ಸುಮಾರು 12.5 ಸೆಂಟಿಮೀಟರ್ ಉದ್ದ, 5 ಗಿಗಾಹರ್ಟ್ಸಿನದು ಅದರ ಅರ್ಧಕ್ಕಿಂತ ಕಡಿಮೆ, 6 ಸೆಂಟಿಮೀಟರ್. ಅಲೆ ಚಿಕ್ಕದಾದಷ್ಟೂ ಆಂಟೆನಾ ಚಿಕ್ಕದಾಗುತ್ತೆ, ಹೆಚ್ಚು ಮಾಹಿತಿಗೆ ಜಾಗವೂ ಸಿಗುತ್ತೆ. ಆದರೆ ಗೋಡೆ, ಸೊಪ್ಪು, ನೀರು ಎದುರಾದರೆ ಬೇಗ ಸೋಲುತ್ತೆ. ಏನೂ ಅಡ್ಡವಿಲ್ಲದ ಬಯಲಿನಲ್ಲೂ, ಒಂದೇ ಥರದ ಆಂಟೆನಾ ಇಟ್ಟರೆ, 5 ಗಿಗಾಹರ್ಟ್ಸಿನಲ್ಲಿ ಕೈಗೆ ಸಿಗುವ ಶಕ್ತಿ 2.4ರಲ್ಲಿ ಸಿಗುವುದರ ಕಾಲು ಭಾಗದಷ್ಟೇ.

ಅಂಗೈ ಕಂಪ್ಯೂಟರಿಗೆ ಇನ್ನೊಂದು ತೊಂದರೆ ಇದೆ. ಉಗುರಿನಷ್ಟು ಪುಟ್ಟ ವೈಫೈ ಡಾಂಗಲ್ ನೋಡೋಕೆ ಚೆಂದ. ಆದರೆ 2.4 ಗಿಗಾಹರ್ಟ್ಸಿಗೆ ಕಾಲು ಅಲೆಯ ಆಂಟೆನಾ ಅಂದರೂ ಮೂರು ಸೆಂಟಿಮೀಟರ್ ಬೇಕು. ಉಗುರಿನಷ್ಟು ಜಾಗದಲ್ಲಿ ಅದನ್ನು ಮಡಿಚಿ ತುರುಕಿರುತ್ತಾರೆ. ಜೊತೆಗೆ ಯಂತ್ರ ಹಿಡಿದ ಕೈಯೂ ಅಲೆಯನ್ನು ನುಂಗುತ್ತೆ. ಟೇಬಲ್ಲಿನ ಮೇಲೆ ಚೆನ್ನಾಗಿ ನಡೆದ ಡಾಂಗಲ್ ಕೈಗೆ ತಗೊಂಡ ಕೂಡಲೇ ಮಂಕಾಗೋದು ಇದರಿಂದ.

ಮಾರ್ಕೆಟ್ಟಿಗೆ ಒಂದು, ಹುಳುಮನೆಗೆ ಇನ್ನೊಂದು

ಹಾಗಂತ 5 ಗಿಗಾಹರ್ಟ್ಸ್ ಕೆಟ್ಟದ್ದು ಅಂತಲ್ಲ. ಶಿಡ್ಲಘಟ್ಟದ ರೇಷ್ಮೆಗೂಡು ಮಾರ್ಕೆಟ್ಟಿಗೆ ಬೆಳಿಗ್ಗೆ ಹೋಗಿ ನೋಡಿ. ಜಾಲರಿಗಳಲ್ಲಿ ಗೂಡು ಸುರಿದಿರುತ್ತೆ, ರೀಲರ್‌ಗಳು ಕೈಯಾಡಿಸಿ ನೋಡ್ತಿರ್ತಾರೆ. ಇ-ಹರಾಜು ಬಂದ ಮೇಲೆ ಬಿಡ್ ಹಾಕೋದು ಮೊಬೈಲಿನಲ್ಲೇ. ಅಷ್ಟು ಜನರ ಜೇಬಿನಲ್ಲೂ ಒಂದೋ ಎರಡೋ ಫೋನು. 2.4 ಗಿಗಾಹರ್ಟ್ಸಿನಲ್ಲಿ ಒಂದಕ್ಕೊಂದು ತಾಗದ ದಾರಿಗಳು ಮೂರೇ: 1, 6 ಮತ್ತು 11ನೇ ಚಾನೆಲ್. ಬ್ಲೂಟೂತ್ ಕೂಡ ಅದೇ ಜಾಗದಲ್ಲಿ ಓಡಾಡುತ್ತೆ. ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದ ಹಾಗೆ, ಯಾರ ಮಾತೂ ಯಾರಿಗೂ ಕೇಳಲ್ಲ. ಇಂಥ ಕಡೆ 5 ಗಿಗಾಹರ್ಟ್ಸ್ ಇರುವ ಕಾರ್ಡೇ ಸರಿ. ಅಲ್ಲಿ ಚಾನೆಲ್ ಜಾಸ್ತಿ, ದೂರ ಹೋಗದಿರುವುದೇ ಒಂದು ಗುಣ, ಯಾಕಂದ್ರೆ ಆ ಮೂಲೆಯ ಗಲಾಟೆ ಈ ಮೂಲೆಗೆ ಬರೋದಿಲ್ಲ.

ಅಕ್ಕನ ಹುಳುಮನೆಯದು ಇದಕ್ಕೆ ಪೂರ್ತಿ ಉಲ್ಟಾ. ಗಲಾಟೆ ಇಲ್ಲ, ದೂರ ಇದೆ. ಮನೆಯಲ್ಲಿರುವ ರೂಟರಿನಿಂದ ಹುಳುಮನೆಗೆ ಸುಮಾರು ಅರವತ್ತು ಮೀಟರ್. ಮಧ್ಯೆ ಮನೆಯ ಸೈಜುಗಲ್ಲಿನ ಗೋಡೆ, ದನದ ಕೊಟ್ಟಿಗೆ, ಆಳೆತ್ತರದ ಹಿಪ್ಪುನೇರಳೆ. ಹುಳುಮನೆಗೆ ಶೀಟಿನ ಛಾವಣಿ, ಒಳಗೆ ಕಬ್ಬಿಣದ ಸ್ಟ್ಯಾಂಡುಗಳು. ಬೇಸಿಗೆಯಲ್ಲಿ ತಂಪಿಗೆ ಅಂತ ಕಿಟಕಿಗೆ ಗೋಣಿಚೀಲ ನೆನೆಸಿ ಕಟ್ಟಿರ್ತಾರೆ. ನೀರು ಈ ಅಲೆಗಳನ್ನು ಚೆನ್ನಾಗಿ ಹೀರುತ್ತೆ. ಮೈಕ್ರೋವೇವ್ ಒಲೆಯಲ್ಲಿ ಅನ್ನ ಬಿಸಿಯಾಗೋದೂ 2.45 ಗಿಗಾಹರ್ಟ್ಸ್ ಅಲೆಯನ್ನು ಅದರೊಳಗಿನ ನೀರು ಹೀರಿಕೊಳ್ಳೋದರಿಂದಲೇ. ಅಂದ್ಮೇಲೆ ಒದ್ದೆ ಗೋಣಿಚೀಲ ವೈಫೈಗೆ ಅರ್ಧ ಗೋಡೆ ಇದ್ದ ಹಾಗೆ.

ಅದಕ್ಕೇ ಮೂರು ಥರದ ಡಾಂಗಲ್ ತಗೊಂಡು ಹೋಗಿ, ಗೋಣಿಚೀಲ ನೆನೆಸಿ, ಹುಳುಮನೆ ನಡುವಿನಲ್ಲಿಟ್ಟು ಅಳೆದೆ. ಸಿಗ್ನಲ್ ಅಳೆಯೋದು ಡಿಬಿಎಂ ಅನ್ನೋ ಮಾಪನದಲ್ಲಿ. ಅದು ಮೈನಸ್ ಅಂಕಿ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೇದು. ಹತ್ತು ಅಂಕಿ ಇಳಿದರೆ ಶಕ್ತಿ ಹತ್ತರಲ್ಲಿ ಒಂದಾಯ್ತು ಅಂತ ಅರ್ಥ. ಉಗುರಿನಷ್ಟು ಪುಟ್ಟ ಡಾಂಗಲ್ಲಿಗೆ ಮೈನಸ್ 84 ಬಂತು, ಸಂಪರ್ಕ ಬಂದು ಬಂದು ಹೋಗ್ತಿತ್ತು. 1200 ಅಂಕಿಯ ದುಬಾರಿ ಡಾಂಗಲ್ಲಿಗೆ 5 ಗಿಗಾಹರ್ಟ್ಸಿನಲ್ಲಿ ರೂಟರೇ ಕಾಣಲಿಲ್ಲ, 2.4ರಲ್ಲಿ ಮೈನಸ್ 79. ಬರೀ 2.4 ಗಿಗಾಹರ್ಟ್ಸಿನ, 150 ಅಂಕಿಯ, ಬೆರಳುದ್ದದ ಹೊರ ಆಂಟೆನಾ ಇರುವ ಡಾಂಗಲ್ಲಿಗೆ ಮೈನಸ್ 70. ಪುಟ್ಟದಕ್ಕೂ ಇದಕ್ಕೂ 14 ಅಂಕಿ ವ್ಯತ್ಯಾಸ, ಅಂದರೆ ಶಕ್ತಿಯಲ್ಲಿ ಇಪ್ಪತ್ತೈದು ಪಟ್ಟು. ಬೆಲೆಯಲ್ಲಿ ದುಬಾರಿಯದಕ್ಕಿಂತ ಅರ್ಧಕ್ಕೂ ಕಡಿಮೆ.

ಭಾವ ಪಕ್ಕದಲ್ಲೇ ನಿಂತು ನೋಡ್ತಿದ್ದರು. "ಏನಪ್ಪಾ, ಚಂದ್ರಂಕಿ ತಗೊಳ್ಳೋವಾಗ ನಾನು ಬಣ್ಣ ನೋಡಲ್ಲ, ಹುಳ ಹತ್ತುತ್ತಾ ಅಂತ ನೋಡ್ತೀನಿ. ಇದೂ ಹಂಗೇ ಅನ್ನು" ಅಂದರು. ಹೂಂ ಭಾವ, ಥೇಟ್ ಹಂಗೇ.

ವೈಫೈ ಮುಟ್ಟದ ಕಡೆ

ಎಲ್ಲರ ತೋಟವೂ ಮನೆಯಿಂದ ಅರವತ್ತು ಮೀಟರಿನಲ್ಲಿ ಇರಲ್ಲ. ಚಿಂತಾಮಣಿ ಕಡೆ ನನ್ನ ಸ್ನೇಹಿತನ ಮನೆಯವರ ಟೊಮೆಟೊ ತೋಟ, ಬೋರ್‌ವೆಲ್ ಎರಡೂ ಊರಿನಿಂದ ಒಂದೂವರೆ ಕಿಲೋಮೀಟರ್ ಆಚೆ. ಅಲ್ಲಿಗೆ ಯಾವ ವೈಫೈ ಕಾರ್ಡೂ ಆಗಿಬರಲ್ಲ. ಎರಡು ದಾರಿ ಇವೆ.

ಒಂದು, ಸಿಮ್ ಹಾಕುವ 4ಜಿ ಡಾಂಗಲ್. ತಿಂಗಳ ರೀಚಾರ್ಜ್ ಕಟ್ಟಬೇಕು, ಕರೆಂಟೂ ಜಾಸ್ತಿ ಎಳೆಯುತ್ತೆ. ಟವರ್ ಕಾಣುವ ಜಾಗವಾದರೆ ಚಿಂತೆಯಿಲ್ಲ. ಆದರೆ ಚಿಕ್ಕಬಳ್ಳಾಪುರದ ಸುತ್ತ ನಂದಿಬೆಟ್ಟ, ಸ್ಕಂದಗಿರಿಗಳ ತಪ್ಪಲಿನ ಊರುಗಳ ವಿಷಯ ಬೇರೆ. ಬೆಟ್ಟದ ಮರೆಯಲ್ಲಿ ಒಂದು ಕಂಪನಿಯ ಸಿಗ್ನಲ್ ಸಿಕ್ಕರೆ ಇನ್ನೊಂದರದು ಸಿಗದೆ ಹೋಗಬಹುದು. ಡಾಂಗಲ್ ಕೊಳ್ಳುವ ಮೊದಲು ಬೇರೆ ಬೇರೆ ಕಂಪನಿಯ ಸಿಮ್ ಇರುವ ಎರಡು ಮೂರು ಫೋನನ್ನು ಅದೇ ಜಾಗಕ್ಕೆ ತಗೊಂಡು ಹೋಗಿ ನೋಡಿ. ಊರ ಬಸ್ ಸ್ಟ್ಯಾಂಡಿನಲ್ಲಿ ಸಿಗ್ನಲ್ ಚೆನ್ನಾಗಿದೆ ಅಂತ ತೋಟಕ್ಕೆ ಸಿಮ್ ಆರಿಸಬೇಡಿ.

ಎರಡನೇದು 'ಲೋರಾ'. ಇದು ವೈಫೈ ಅಲ್ಲ, ಇನ್ನೊಂದು ಥರದ ರೇಡಿಯೋ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ನಡುವಿನ ಜಾಗವನ್ನು, ಗೊತ್ತುಪಡಿಸಿದ ಶಕ್ತಿಯೊಳಗೆ, ಲೈಸೆನ್ಸ್ ಇಲ್ಲದೆ ಬಳಸಬಹುದು. ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ತುಂಬಾ ನಿಧಾನ, ಫೋಟೋ ಕಳಿಸೋ ಯೋಚನೆ ಬೇಡ. ಆದರೆ ಬಯಲಿನಲ್ಲಿ ಕೆಲವು ಕಿಲೋಮೀಟರ್ ಮುಟ್ಟುತ್ತೆ, ಬ್ಯಾಟರಿ ಬಹಳ ಕಡಿಮೆ ತಿನ್ನುತ್ತೆ, ರೀಚಾರ್ಜ್ ಬೇಕಿಲ್ಲ. ಬೆಳಗಿನ ಜಾವ ದೂರದ ಹೊಲದಲ್ಲಿರೋನನ್ನು ಕೂಗುವಾಗ ಒಂದೊಂದು ಅಕ್ಷರವನ್ನೂ ಎಳೆದು ಕೂಗ್ತೀವಲ್ಲ, ಇದೂ ಅದೇ ಉಪಾಯ. ತೋಟದಲ್ಲೊಂದು, ಮನೆಯಲ್ಲೊಂದು, ಜೋಡಿಯಾಗಿ ಇಡಬೇಕು. ಆನ್‌ಲೈನಿನಲ್ಲಿ ಕೊಳ್ಳುವಾಗ 865 ಅಥವಾ 868 ಮೆಗಾಹರ್ಟ್ಸ್ ಮಾದರಿ ತಗೊಂಡು, ತಂತ್ರಾಂಶದಲ್ಲಿ ನಮ್ಮ ದೇಶದ 865–867ಕ್ಕೆ ಹೊಂದಿಸಿಕೊಳ್ಳಿ. ಅಮೆರಿಕದ 915 ಮೆಗಾಹರ್ಟ್ಸ್ ಮಾದರಿ ನಮ್ಮಲ್ಲಿ ಬಳಸುವಂತಿಲ್ಲ.

ಬ್ಯಾಟರಿಯ ಲೆಕ್ಕ

ಮಾತು ಬ್ಯಾಟರಿಗೆ ಬಂತು. ನನ್ನ ಯಂತ್ರದಲ್ಲಿರೋದು 2500 ಮಿಲಿಆಂಪ್ ಅವರ್, 3.7 ವೋಲ್ಟಿನ ಬ್ಯಾಟರಿ. ಎರಡನ್ನೂ ಗುಣಿಸಿದರೆ 9.25 ವ್ಯಾಟ್ ಅವರ್. ಅದನ್ನು 5 ವೋಲ್ಟಿಗೆ ಏರಿಸುವಾಗ ಆಗುವ ನಷ್ಟ ಕಳೆದರೆ ಎಂಟಕ್ಕೆ ಸ್ವಲ್ಪ ಕಡಿಮೆ. ಪರದೆ ಮಂಕು ಮಾಡಿ ಇಟ್ಟರೆ ಯಂತ್ರ ಎಳೆಯೋದು ಒಂದು ವ್ಯಾಟ್, ಅಂದರೆ ಹೆಚ್ಚೂ ಕಡಿಮೆ ಎಂಟು ಗಂಟೆ. ಡಾಂಗಲ್ ಸದಾ ಚಾಲೂ ಇದ್ದರೆ ಅದೂ ಒಂದು ವ್ಯಾಟ್ ಹತ್ತಿರ ಎಳೆಯುತ್ತೆ. ಎಂಟು ಗಂಟೆ ನಾಲ್ಕಾಗುತ್ತೆ. ರಾತ್ರಿ ಕರೆಂಟ್ ಹೋದರೆ ಬೆಳಗಿನ ಜಾವಕ್ಕೆ, ಅಂದರೆ ಚಳಿ ಜೋರಾಗುವ ಹೊತ್ತಿಗೆ ಸರಿಯಾಗಿ, ಯಂತ್ರವೂ ಮಲಗುತ್ತೆ.

ಇದಕ್ಕೆ ಮದ್ದು ಹೆಚ್ಚು ಬೆಲೆಯ ಕಾರ್ಡಲ್ಲ. ಹತ್ತು ನಿಮಿಷಕ್ಕೊಮ್ಮೆ ಡಾಂಗಲ್ಲಿಗೆ ಕರೆಂಟ್ ಕೊಟ್ಟು, ಇಪ್ಪತ್ತು ಸೆಕೆಂಡಿನಲ್ಲಿ ಕಳಿಸಿ, ಮತ್ತೆ ತೆಗೆದುಬಿಡೋದು. ಮೂವತ್ತರಲ್ಲಿ ಒಂದು ಪಾಲು ಹೊತ್ತು ಮಾತ್ರ ಅದು ಎಚ್ಚರವಿದ್ದರೆ ಸಾಕು. ಹಾಗಾಗಿ ಕಾರ್ಡ್ ನೋಡುವಾಗ ಎಷ್ಟು ಬೇಗ ಎದ್ದು ರೂಟರಿಗೆ ಸೇರುತ್ತೆ, ಹತ್ತು ಸಲ ಆರಿಸಿ ಹಚ್ಚಿದರೆ ಹತ್ತು ಸಲವೂ ಸೇರುತ್ತಾ ಅನ್ನೋದನ್ನು ಪರೀಕ್ಷಿಸಿ. ಡಬ್ಬಿ ಮೇಲೆ ಇದನ್ನು ಯಾರೂ ಬರೆದಿರಲ್ಲ.

ಸಂದಿ, ಚಿಪ್, ಡ್ರೈವರ್

ಕಾರ್ಡ್ ಎಷ್ಟೇ ಚೆನ್ನಾಗಿದ್ದರೂ ನಿಮ್ಮ ಯಂತ್ರದ ಸಂದಿಗೆ ಕೂರಬೇಕು, ಅದರ ತಂತ್ರಾಂಶಕ್ಕೆ ಗೊತ್ತಾಗಬೇಕು.

ಎಸ್‌ಪಿ ರೋಡಿನಂಥ ಕಡೆ ಸಿಗುವ ಹಳೇ ಅಂಗೈ ಕಂಪ್ಯೂಟರುಗಳಲ್ಲಿ ಕಾಂಪ್ಯಾಕ್ಟ್ ಫ್ಲ್ಯಾಶ್ ಅಥವಾ ಎಸ್‌ಡಿ ಸಂದಿ ಇರುತ್ತೆ. ಎಸ್‌ಡಿ ಸಂದಿ ಇದ್ದ ಮಾತ್ರಕ್ಕೆ ವೈಫೈ ಕಾರ್ಡ್ ನಡೆಯಲ್ಲ. ಅದು ಎಸ್‌ಡಿಐಒ ಅನ್ನೋ ಬಗೆಯದಾಗಿರಬೇಕು, ಇಲ್ಲದಿದ್ದರೆ ಮೆಮೊರಿ ಕಾರ್ಡ್ ಮಾತ್ರ ಓದುತ್ತೆ. ಆ ಕಾಲದ ಕಾರ್ಡುಗಳಲ್ಲಿ ಎಷ್ಟೋ ಬರೀ ಡಬ್ಲ್ಯುಇಪಿ ಅನ್ನೋ ಹಳೇ ಬೀಗ ಬಲ್ಲವು. ಆ ಬೀಗವನ್ನು ಇವತ್ತು ಯಾರು ಬೇಕಾದರೂ ಕೆಲವೇ ನಿಮಿಷದಲ್ಲಿ ಮುರೀತಾರೆ. ಅಂಥ ಕಾರ್ಡಿಗೋಸ್ಕರ ಮನೆಯ ರೂಟರಿನ ಬೀಗವನ್ನು ಹಳೇದಕ್ಕೆ ಇಳಿಸೋದು ಅಂದ್ರೆ ನಾಯಿಗೂಡಿಗೆ ಅಂತ ಮನೆ ಬಾಗಿಲು ತೆಗೆದಿಟ್ಟ ಹಾಗೆ. ಡಬ್ಲ್ಯುಪಿಎ2 ಬರಲೇಬೇಕು. 2006ರಿಂದೀಚೆ ವೈಫೈ ಮುದ್ರೆ ಪಡೆದ ಹೊಸ ಸಾಧನಗಳಿಗೆ ಇದು ಕಡ್ಡಾಯ.

ಹೊಸ ಕಾಲದ ಸಣ್ಣ ವಿಂಡೋಸ್ ಯಂತ್ರಗಳಲ್ಲಿ ಎಂ.2 ಅನ್ನೋ ಪುಟ್ಟ ಕಾರ್ಡ್ ಇರುತ್ತೆ. ಅಲ್ಲೊಂದು ಸೂಕ್ಷ್ಮ ಇದೆ. ಇಂಟೆಲ್‌ನ ಎಎಕ್ಸ್200, ಎಎಕ್ಸ್210 ಕಾರ್ಡುಗಳು ಸಾಮಾನ್ಯ ಎಂ.2 ವೈಫೈ ಸಂದಿಯಲ್ಲಿ ನಡೀತವೆ. ಎಎಕ್ಸ್201, ಎಎಕ್ಸ್211 ಹೆಸರಿನವು ಹೊಂದುವ ಇಂಟೆಲ್ ಪ್ರೊಸೆಸರ್ ಇರುವ ಯಂತ್ರದಲ್ಲಿ ಮಾತ್ರ. ಕೊನೆಯ ಒಂದು ಅಂಕಿಯಲ್ಲಿ ಇಷ್ಟು ವ್ಯತ್ಯಾಸ.

ನನ್ನ ಯಂತ್ರದಂತೆ ಯುಎಸ್‌ಬಿ ಮಾತ್ರ ಇದ್ದರೆ ಸಂದಿಯ ವೇಗ ನೋಡಿ. ಯುಎಸ್‌ಬಿ 2ರ ಗರಿಷ್ಠ ಮಿತಿಯೇ 480 ಮೆಗಾಬಿಟ್. ಅದಕ್ಕೆ 1200ರ ಡಾಂಗಲ್ ಸಿಕ್ಕಿಸಿದರೂ ಬಾಟಲಿಯ ಕತ್ತು ಅಗಲವಾಗಲ್ಲ.

ಇನ್ನು ಲಿನಕ್ಸ್ ಬಳಸೋರು ಕಂಪನಿಯ ಹೆಸರಿಗಿಂತ ಒಳಗಿನ ಚಿಪ್ಪಿನ ಹೆಸರು ಕೇಳಬೇಕು. ಆಥೆರೋಸ್ ಎಆರ್9271 ಥರದ ಹಳೇ 2.4 ಗಿಗಾಹರ್ಟ್ಸ್ ಚಿಪ್ಪಿನ ಡ್ರೈವರ್ ಲಿನಕ್ಸಿನಲ್ಲೇ ಸೇರಿಕೊಂಡಿದೆ. ಸಿಕ್ಕಿಸಿದರೆ ಆಯ್ತು. ಇನ್ನು ಕೆಲವಕ್ಕೆ ಡ್ರೈವರನ್ನು ನಾವೇ ಕಟ್ಟಬೇಕು, ಲಿನಕ್ಸ್ ಅಪ್‌ಡೇಟ್ ಆದಾಗೆಲ್ಲ ಮತ್ತೆ ಕಟ್ಟಬೇಕು. ಬೆಂಗಳೂರಿನಲ್ಲಿ ಕೂತ ತಮ್ಮ ಪ್ರತಿ ಸಲ ಬಂದು ಸರಿ ಮಾಡಬೇಕು ಅಂದ್ರೆ ಅದು ಅಕ್ಕನ ಯಂತ್ರ ಹೇಗಾದೀತು? ಇನ್ನೊಂದು ವಿಷಯ, ಒಂದೇ ಮಾಡೆಲ್ ನಂಬರಿನಲ್ಲಿ ವರ್ಷಕ್ಕೊಂದು ಚಿಪ್ ಬದಲಾಗಿರುತ್ತೆ. ಡಬ್ಬಿ ಮೇಲೆ ಚಿಕ್ಕದಾಗಿ ವರ್ಷನ್ 1, ವರ್ಷನ್ 2 ಅಂತ ಇರುತ್ತಲ್ಲ, ಅದನ್ನು ಓದಿ. ವಾಪಸ್ ತಗೊಳ್ಳುವ ಅಂಗಡಿಯಲ್ಲೇ ಕೊಳ್ಳಿ.

ಹುಳುಮನೆಯ ಸುಣ್ಣ, ಬ್ಲೀಚಿಂಗ್ ಪೌಡರ್

ಇದನ್ನು ಯಾವ ಕಂಪ್ಯೂಟರ್ ಅಂಗಡಿಯೂ ಹೇಳಲ್ಲ. ಬೆಳೆ ಆದ ಮೇಲೆ ಹುಳುಮನೆಯನ್ನು ಬ್ಲೀಚಿಂಗ್ ಪೌಡರಿನಂಥ ಸೋಂಕು ನಿವಾರಕ ಹಾಕಿ ತೊಳೀತಾರೆ. ಹುಳ ಜ್ವರಕ್ಕೆ ಕೂತಾಗ ಸುಣ್ಣದ ಪುಡಿ ಎರಚ್ತಾರೆ. ಕ್ಲೋರಿನ್ ಗಾಳಿ ತಾಮ್ರದ ಗೆರೆಗಳನ್ನೂ ಯುಎಸ್‌ಬಿ ಬಾಯಿಯ ಲೋಹವನ್ನೂ ತಿಂದುಹಾಕುತ್ತೆ. ಸುಣ್ಣದ ಧೂಳು ತೇವ ಸೇರಿ ಗಟ್ಟಿಯಾಗುತ್ತೆ.

ಹಾಗಾಗಿ ಅರ್ಧ ಮೀಟರಿನ ಯುಎಸ್‌ಬಿ ತಂತಿ ಹಾಕಿ, ಡಾಂಗಲ್ಲನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಕಿಟಕಿಯ ಗೋಣಿಚೀಲದಿಂದ ಆಚೆ, ಸೂರಿನ ಕೆಳಗೆ ಕಟ್ಟಿದೆ. ಡಬ್ಬಿ ಲೋಹದ್ದಾಗಬಾರದು, ಅಲೆ ಆಚೆ ಬರಲ್ಲ. ಒಳಗೆ ಮೈನಸ್ 70 ಇದ್ದ ಸಿಗ್ನಲ್ ಅಲ್ಲಿ ಮೈನಸ್ 63 ಆಯ್ತು. ಹೆಚ್ಚು ಬೆಲೆಯ ಕಾರ್ಡ್ ಕೊಡದಿದ್ದ ಲಾಭವನ್ನು ಒಂದು ತುಂಡು ತಂತಿ ಕೊಟ್ಟಿತು. ಸೋಂಕು ನಿವಾರಕ ಹೊಡೆಯುವ ದಿನ ಯಂತ್ರ, ಡಾಂಗಲ್ ಎರಡನ್ನೂ ಬಿಚ್ಚಿ ಮನೆಗೆ ತಂದಿಡೋದು ಅಕ್ಕನ ಪಾಲಿನ ನಿಯಮ. ಅದಕ್ಕೆ ಬೇಕಾದ್ದು ಬಿಚ್ಚಲು ಬರುವ ಕಾರ್ಡ್. ಒಳಗೇ ಬೆಸುಗೆ ಹಾಕಿದ್ದು ಇಲ್ಲಿಗೆ ಹೊಂದಲ್ಲ.

ಕಾರ್ಡ್ ಸುಮ್ಮನಾದರೂ ಗಂಟೆ ಹೊಡೆಯಬೇಕು

ಎಷ್ಟೇ ಒಳ್ಳೇ ಕಾರ್ಡ್ ಹಾಕಿದರೂ ಒಂದು ಸತ್ಯ ಉಳಿಯುತ್ತೆ. ಕರೆಂಟ್ ಹೋದರೆ ಮನೆಯ ರೂಟರ್ ಆರುತ್ತೆ. ರೂಟರ್ ಆರಿದರೆ ಫೋನಿಗೆ ಸುದ್ದಿ ಬರಲ್ಲ. ಕರೆಂಟ್ ಹೋದ ರಾತ್ರಿಯೇ ಹೀಟರೂ ಆರಿರುತ್ತೆ, ಆ ರಾತ್ರಿಯೇ ಸುದ್ದಿ ಬೇಕಿರೋದು.

ಅದಕ್ಕೆ ಮೂರು ಏರ್ಪಾಡು ಮಾಡಿದೆವು. ಶಾಖ ಅಳತೆ ಮೀರಿದರೆ ಯಂತ್ರವೇ ಜೋರಾಗಿ ಬಡಕೊಳ್ಳುವ ಬಜರ್, ತಂತಿ ಎಳೆದು ಮಲಗುವ ಕೋಣೆಯಲ್ಲಿಟ್ಟದ್ದು. ಅದಕ್ಕೆ ವೈಫೈ ಬೇಕಿಲ್ಲ. ಎರಡನೇದು, ಸಂಪರ್ಕ ಇಲ್ಲದಾಗ ಅಳತೆಗಳನ್ನು ಯಂತ್ರದಲ್ಲೇ ಬರೆದಿಟ್ಟುಕೊಂಡು ಸಂಪರ್ಕ ಬಂದಾಗ ಒಟ್ಟಿಗೆ ಕಳಿಸೋದು. ಮೂರನೇದು, ಅರ್ಧ ಗಂಟೆ ಯಂತ್ರದಿಂದ ಏನೂ ಬರದಿದ್ದರೆ ಫೋನಿನ ಆ್ಯಪ್ ತಾನೇ ಎಚ್ಚರಿಸೋದು. ಸುದ್ದಿ ಇಲ್ಲ ಅಂದ್ರೆ ಎಲ್ಲಾ ಸರಿ ಇದೆ ಅಂತ ಅರ್ಥ ಆಗಬಾರದು.

ಅಕ್ಕ ಕೇಳಿದ್ದು ವೈಫೈ ಅಲ್ಲ, ನಿದ್ದೆ. ವೈರ್‌ಲೆಸ್ ಕಾರ್ಡ್ ಅದಕ್ಕೆ ಒಂದು ದಾರಿ ಮಾತ್ರ. ಆ ಚಳಿಗಾಲದ ಬೆಳೆಯಲ್ಲಿ ಎರಡು ರಾತ್ರಿ ಬಜರ್ ಬಡಕೊಂಡಿತು, ಎರಡು ಸಲವೂ ಭಾವ ಎದ್ದು ಹೋಗಿ ಇದ್ದಿಲು ಒಲೆ ಹಚ್ಚಿ, ಹೊಗೆ ಹೋಗೋ ತನಕ ಕಾದು ಬಂದರು. ಉಳಿದ ರಾತ್ರಿ ಯಾರೂ ಏಳಲಿಲ್ಲ. ಹುಳ ಹಣ್ಣಾಗಿ ಚಂದ್ರಂಕಿ ಹತ್ತಿದವು.

ಕೊಳ್ಳೋಕೆ ಹೊರಟವರಿಗೆ ಕೊನೆಯದಾಗಿ ಈ ಪಟ್ಟಿ:

ಯಂತ್ರ ಎಲ್ಲಿ ಇರುತ್ತೆ, ರೂಟರ್ ಎಷ್ಟು ದೂರ, ಮಧ್ಯೆ ಏನೇನಿದೆ ಅಂತ ಮೊದಲು ಬರೆದುಕೊಳ್ಳಿ. ಜನ ಕಿಕ್ಕಿರಿದ ಕಡೆ 5 ಗಿಗಾಹರ್ಟ್ಸ್, ಗೋಡೆ ಸೊಪ್ಪು ಅಡ್ಡ ಇರುವ ಕಡೆ 2.4, ಕಿಲೋಮೀಟರ್ ಆಚೆಗೆ ಸಿಮ್ ಅಥವಾ ಲೋರಾ.

ದಿನಕ್ಕೆ ಎಷ್ಟು ಮಾಹಿತಿ ಹೋಗಬೇಕು ಅಂತ ಗುಣಿಸಿ ನೋಡಿ. ವೇಗದ ಅಂಕಿಗೆ ದುಡ್ಡು ಸುರಿಯೋ ಆಸೆ ತಾನೇ ಇಳಿಯುತ್ತೆ.

ಹೊರ ಆಂಟೆನಾ ಇರುವುದು, ಡಬ್ಲ್ಯುಪಿಎ2 ಬರುವುದು, ನಿಮ್ಮ ಯಂತ್ರದ ತಂತ್ರಾಂಶಕ್ಕೆ ಮೊದಲೇ ಗೊತ್ತಿರುವ ಚಿಪ್ ಇರುವುದು, ಈ ಮೂರೂ ಸೇರಿದ್ದನ್ನು ಆರಿಸಿ.

ಬ್ಯಾಟರಿಯ ವ್ಯಾಟ್ ಅವರ್ ಲೆಕ್ಕ ಹಾಕಿ, ಕಾರ್ಡನ್ನು ಬೇಕಾದಾಗ ಮಾತ್ರ ಎಬ್ಬಿಸಿ.

ಕೊಂಡ ಮೇಲೆ ಟೇಬಲ್ಲಿನ ಮೇಲಲ್ಲ, ಬಳಸುವ ಜಾಗದಲ್ಲೇ, ಅತಿ ಕಷ್ಟದ ದಿನ ಪರೀಕ್ಷಿಸಿ. ಗೋಣಿಚೀಲ ನೆನೆಸಿದ ದಿನ, ಮಳೆ ಬಂದ ದಿನ, ಕರೆಂಟ್ ಹೋದ ದಿನ. ಆ ದಿನ ನಡೆದರೆ ಅದೇ ನಿಮ್ಮ ಕಾರ್ಡ್.